ಕೊನೆಗಾಲದ ಅನ್ನ-ನೀರು: ದಾದಿ ಕಂಡದ್ದು, ದಾಖಲೆಗೆ ಬಾರದ್ದು

"ಸಿಸ್ಟರ್, ಬೆಳಗಿನಿಂದ ಒಂದು ಬಾಟಲಿಯನ್ನೂ ಹಾಕಿಲ್ಲವಲ್ಲ?"

ಉಳಿಯುವ ಭರವಸೆ ಇಲ್ಲದ ರೋಗಿಯ ಮಂಚದ ಬಳಿ ನೀವು ಒಂದು ದಿನ ಕುಳಿತಿದ್ದರೆ ಈ ಮಾತನ್ನು ಖಂಡಿತ ಕೇಳಿರುತ್ತೀರಿ. ಕೇಳುವವರು ಮಗನೋ, ಸೊಸೆಯೋ, ಊರಿನಿಂದ ನೋಡಲು ಬಂದ ಭಾವನೋ ಆಗಿರಬಹುದು. ವೈದ್ಯರು ಆಗಲೇ ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಹಾಗಾಗಿ ಪ್ರಶ್ನೆ ದಾದಿಯ ಪಾಲಿಗೆ ಬರುತ್ತದೆ. ಆಕೆ ಏನು ಹೇಳಬೇಕು? "ಡಾಕ್ಟರು ಬರೆದಿಲ್ಲ" ಎಂದರೆ ಜವಾಬ್ದಾರಿ ಜಾರಿಸಿದಂತೆ. "ಹಾಕುವುದರಿಂದ ಪ್ರಯೋಜನವಿಲ್ಲ" ಎಂದರೆ ಜಗಳ. ಹೆಚ್ಚಿನ ವಾರ್ಡುಗಳಲ್ಲಿ ಮೂರನೆಯ ದಾರಿಯೇ ರೂಢಿ: ಒಂದು ಬಾಟಲಿ ತೂಗುಹಾಕಲಾಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ರೋಗಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಬಾಯಿಯಿಂದ ತಿಂದು ಕುಡಿಯಲಾಗದವರಿಗೆ ರಕ್ತನಾಳದ ಮೂಲಕ, ಚರ್ಮದಡಿಯ ಸೂಜಿಯ ಮೂಲಕ ಅಥವಾ ಮೂಗಿನಿಂದ ಜಠರಕ್ಕೆ ಇಳಿಸಿದ ನಳಿಕೆಯ ಮೂಲಕ ನೀರು, ಆಹಾರ ಒದಗಿಸುವುದಕ್ಕೆ ಕೃತಕ ಪೂರೈಕೆ ಎನ್ನುತ್ತಾರೆ. ಸಾವು ಹತ್ತಿರವಾದಾಗ ಇದನ್ನು ಆರಂಭಿಸಬೇಕೆ, ಮುಂದುವರಿಸಬೇಕೆ, ನಿಲ್ಲಿಸಬೇಕೆ ಎಂಬ ಚರ್ಚೆ ನಮ್ಮಲ್ಲಿ ವಕೀಲರ ಮತ್ತು ವೈದ್ಯರ ನಡುವೆ ನಡೆದಿದೆ. ಈ ಲೇಖನ ಅದೇ ಚರ್ಚೆಯ ಅಧ್ಯಯನಗಳನ್ನೂ ತೀರ್ಪುಗಳನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಓದುವ ಪ್ರಯತ್ನ. ಹಗಲೂ ರಾತ್ರಿ ಮಂಚದ ಬಳಿ ಇರುವ ದಾದಿಯ ತಿಳಿವಳಿಕೆಯನ್ನು ಇವು ಸಾಕ್ಷ್ಯವೆಂದು ಪರಿಗಣಿಸಿವೆಯೇ, ಅಥವಾ ಬರೀ ಮಮತೆ ಎಂದು ಹೊಗಳಿ ಬದಿಗಿಟ್ಟಿವೆಯೇ?

ಬಾಟಲಿಯಲ್ಲಿ ಏನಿದೆ?

ಮೊದಲು ಒಂದು ಸಣ್ಣ ಲೆಕ್ಕ. ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲೇ ಮಾಡಿಸಬಹುದು. 'ಗ್ಲೂಕೋಸ್ ಬಾಟಲಿ' ಎಂದು ಜನ ಕರೆಯುವುದು ಸಾಮಾನ್ಯವಾಗಿ ಶೇಕಡಾ 5ರ ಡೆಕ್ಸ್‌ಟ್ರೋಸ್ ದ್ರಾವಣ. 500 ಮಿಲಿಲೀಟರಿನಲ್ಲಿ 25 ಗ್ರಾಂ ಸಕ್ಕರೆ, ಅಂದರೆ ಸುಮಾರು ಐದು ಟೀ ಚಮಚ. ಅದರಿಂದ ಸಿಗುವ ಶಕ್ತಿ 85ರಿಂದ 100 ಕಿಲೊಕ್ಯಾಲೊರಿ; ಒಂದು ಬಾಳೆಹಣ್ಣಿನಷ್ಟು. 50 ಕಿಲೊಗ್ರಾಂ ತೂಕದ, ಹಾಸಿಗೆ ಹಿಡಿದ ವ್ಯಕ್ತಿಗೆ ಕಿಲೊಗ್ರಾಮಿಗೆ 25ರಂತೆ ದಿನಕ್ಕೆ 1250 ಕಿಲೊಕ್ಯಾಲೊರಿ ಬೇಕೆಂದು ಇಟ್ಟುಕೊಳ್ಳಿ. ಇದನ್ನೆಲ್ಲ ಬಾಟಲಿಯಿಂದಲೇ ತುಂಬಲು ಹದಿಮೂರು ಹದಿನಾಲ್ಕು ಬಾಟಲಿಗಳು, ಅಂದರೆ ಆರೂವರೆ ಏಳು ಲೀಟರ್ ನೀರು ಹರಿಸಬೇಕು! ಮೂತ್ರಪಿಂಡ ಸೋಲುತ್ತಿರುವ ದೇಹ ಇದನ್ನು ತಾಳುವಂತಿಲ್ಲ.

ಇನ್ನು 'ಸಲೈನ್'. ಶೇಕಡಾ 0.9ರ ಉಪ್ಪಿನ ದ್ರಾವಣವಾದ ಇದರ ಅರ್ಧ ಲೀಟರಿನಲ್ಲಿ 4.5 ಗ್ರಾಂ ಉಪ್ಪಿದೆ, ಕ್ಯಾಲೊರಿ ಸೊನ್ನೆ. ಆರೋಗ್ಯವಂತ ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಬಾಟಲಿ ಹಾಕಿದರೆ 9 ಗ್ರಾಂ ಒಳಗೆ ಹೋಯಿತು.

ಹಾಗಾದರೆ ಡ್ರಿಪ್ ನಿರರ್ಥಕವೇ? ಅಲ್ಲ. ಕಾಲರಾ ರೋಗಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ವಾಂತಿಯಿಂದ ಬಳಲಿದ ಮಗುವಿಗೆ ಅದು ಜೀವದಾನ. ಅಲ್ಲಿ ದೇಹ ಕಳೆದುಕೊಂಡದ್ದನ್ನು ಭರ್ತಿ ಮಾಡಿದರೆ ಅದು ಚೇತರಿಸಿಕೊಳ್ಳುತ್ತದೆ. ಅದೇ ಚಿತ್ರವನ್ನು ಸಾಯುತ್ತಿರುವ ದೇಹದ ಮೇಲೂ ಹಾಕಿ ನೋಡುವುದೇ ತಪ್ಪು. ಮುಂದುವರಿದ ಕ್ಯಾನ್ಸರಿನಲ್ಲಿ ಉರಿಯೂತದ ಸಂದೇಶವಾಹಕ ಪ್ರೋಟೀನುಗಳು ಹಸಿವನ್ನು ಅಡಗಿಸುತ್ತವೆ ಮತ್ತು ಸ್ನಾಯುವನ್ನು ಕರಗಿಸುತ್ತವೆ. ಹೊರಗಿನಿಂದ ಕ್ಯಾಲೊರಿ ಸುರಿದರೂ ಈ ಕರಗುವಿಕೆ ನಿಲ್ಲುವುದಿಲ್ಲ. ಉಪವಾಸದಲ್ಲಿ ತಯಾರಾಗುವ ಕೀಟೋನುಗಳೂ ಹಸಿವನ್ನು ಮಂದವಾಗಿಸುತ್ತವೆ. ಬರದ ನಾಡಿನಲ್ಲಿ ಹಸಿದು ಸಾಯುವವರ ಸಂಕಟ ಬೇರೆ, ಇದು ಬೇರೆ. ರೋಗಿ ತಿನ್ನದೆ ಇರುವುದರಿಂದ ಸಾಯುತ್ತಿರುವುದಲ್ಲ, ಸಾಯುತ್ತಿರುವುದರಿಂದ ತಿನ್ನುತ್ತಿಲ್ಲ. ನಮ್ಮ ಹಳ್ಳಿಯ ಹಿರಿಯರು "ಅಜ್ಜಿ ಅನ್ನ ನೀರು ಬಿಟ್ಟಿದ್ದಾಳೆ" ಎಂದು ಹೇಳಿ ನೆಂಟರಿಗೆ ಸುದ್ದಿ ಕಳುಹಿಸುತ್ತಿದ್ದರು. ಅದನ್ನು ಸಾವಿನ ಕಾರಣವೆಂದು ಅವರು ತಿಳಿದಿರಲಿಲ್ಲ, ಗುರುತೆಂದು ತಿಳಿದಿದ್ದರು.

ಬಾಯಾರಿಕೆಯ ವಿಷಯ ಇನ್ನೂ ಸೂಕ್ಷ್ಮ. ರಕ್ತದ ಸಾಂದ್ರತೆ ಏರಿದಾಗ ಮಿದುಳಿನ ಹೈಪೋಥಲಾಮಸ್ ಭಾಗದ ಗ್ರಾಹಕಗಳು ಬಾಯಾರಿಕೆಯನ್ನು ಎಬ್ಬಿಸುತ್ತವೆ. ವಯಸ್ಸಾದಂತೆ ಇವುಗಳ ಚುರುಕು ತಗ್ಗುತ್ತದೆ. ಆದರೆ ಕೊನೆಯ ದಿನಗಳಲ್ಲಿ ರೋಗಿ "ಬಾಯಿ ಒಣಗುತ್ತಿದೆ" ಎನ್ನುವುದಕ್ಕೆ ಅನೇಕ ವೇಳೆ ಬೇರೆ ಕಾರಣಗಳಿರುತ್ತವೆ. ಆತ ಬಾಯಿ ತೆರೆದು ಉಸಿರಾಡುತ್ತಿರಬಹುದು. ಆಮ್ಲಜನಕದ ಒಣ ಗಾಳಿ ಹರಿಯುತ್ತಿರಬಹುದು. ಮಾರ್ಫೀನಿನಂತಹ ಔಷಧಿಗಳು ಜೊಲ್ಲನ್ನು ಕಡಿಮೆ ಮಾಡಿರಬಹುದು. ನಾಲಿಗೆಯ ಮೇಲೆ ಶಿಲೀಂಧ್ರದ ಬಿಳಿ ಪದರ ಬೆಳೆದಿರಬಹುದು. ಇವುಗಳಲ್ಲಿ ಒಂದಕ್ಕೂ ಕೈಯ ರಕ್ತನಾಳಕ್ಕೆ ಹರಿಸಿದ ಸಲೈನ್ ಔಷಧವಲ್ಲ. ಒದ್ದೆ ಬಟ್ಟೆ, ಚಮಚದಲ್ಲಿ ತೊಟ್ಟಿಕ್ಕಿಸಿದ ನೀರು, ಐಸಿನ ಚೂರು, ತುಟಿಗೆ ಸವರುವ ಜಿಡ್ಡು ಮತ್ತು ಶಿಲೀಂಧ್ರಕ್ಕೆ ತಕ್ಕ ಔಷಧಿ, ಇವೇ ಔಷಧ. ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನು ಕುಸಿದಿದ್ದರೆ ಹರಿಸಿದ ನೀರು ನಾಳದೊಳಗೆ ನಿಲ್ಲುವುದೂ ಇಲ್ಲ. ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ಮನೆಯ ಹಿರಿಯರೊಬ್ಬರ ಕೊನೆಯ ವಾರದಲ್ಲಿ ನಾನು ಕಂಡದ್ದು ಇದನ್ನೇ. ಎರಡೂ ಕೈ ಬಾತುಕೊಂಡು ಬಳೆ ತೆಗೆಯಲಾಗದಂತಾಗಿತ್ತು, ನಾಲಿಗೆ ಮಾತ್ರ ಮರದ ತೊಗಟೆಯಂತೆ ಒಣಗಿತ್ತು. ಬಾಟಲಿ ನಿಲ್ಲಿಸಬಾರದೆಂದು ಅಂದು ಹಟ ಹಿಡಿದವರಲ್ಲಿ ನಾನೂ ಒಬ್ಬ.

ಅಧ್ಯಯನಗಳ ಒಳಗಿರುವ ದಾದಿ

ಈಗ ಅಧ್ಯಯನಗಳು. ಎಲ್ಲೆಡೆ ಉಲ್ಲೇಖವಾಗುವುದು 1994ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮೆಕ್ಯಾನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿ. ಉಪಶಾಮಕ ಘಟಕವೊಂದರಲ್ಲಿ ಅರಿವಿದ್ದು ಮಾತನಾಡಬಲ್ಲ 32 ಮರಣಾಸನ್ನ ರೋಗಿಗಳನ್ನು ಅವರು ಗಮನಿಸಿದರು. 20 ಮಂದಿಗೆ ಹಸಿವು ಎಂದೂ ಕಾಣಿಸಲಿಲ್ಲ, 11 ಮಂದಿಗೆ ಆರಂಭದಲ್ಲಿ ಮಾತ್ರ ಕಾಣಿಸಿತು. 20 ಮಂದಿಗೆ ಬಾಯಾರಿಕೆ ಇರಲಿಲ್ಲ ಅಥವಾ ಆರಂಭದಲ್ಲಿ ಮಾತ್ರ ಇತ್ತು. ಇದ್ದ ಹಸಿವು, ಬಾಯಾರಿಕೆ, ಬಾಯಿ ಒಣಗುವಿಕೆಗಳು ತುಸು ಆಹಾರ, ಗುಟುಕು ನೀರು, ಐಸಿನ ಚೂರು, ತುಟಿಯ ಆರೈಕೆಗಳಿಂದ ಶಮನವಾದವು.

ಈ ವರದಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ "ಸಾಯುವವರಿಗೆ ಬಾಯಾರಿಕೆ ಇರುವುದಿಲ್ಲ" ಎಂದು ಮುಗಿಸಿಬಿಡುತ್ತಾರೆ. ನನ್ನ ಮೊದಲ ತಕರಾರು ಇಲ್ಲೇ. 32 ಬಹಳ ಸಣ್ಣ ಸಂಖ್ಯೆ, ಹೋಲಿಕೆಗೆ ಇನ್ನೊಂದು ಗುಂಪೂ ಇಲ್ಲ. ಅದಕ್ಕಿಂತ ಮುಖ್ಯವಾದುದು ಆ ಕೊನೆಯ ವಾಕ್ಯ. ಬಾಯಾರಿಕೆ ತಾನಾಗಿ ಇಲ್ಲವಾಗಲಿಲ್ಲ, ಯಾರೋ ಗಂಟೆಗಂಟೆಗೆ ಬಾಯನ್ನು ನೋಡಿ ಒದ್ದೆ ಮಾಡಿದರು. ಫಲಿತಾಂಶದ ಅರ್ಧ ಪಾಲು ಶುಶ್ರೂಷೆಯದು. ಬಾಯಿಯ ಆರೈಕೆಯೇ ಇಲ್ಲದ ವಾರ್ಡಿಗೆ ಈ ತೀರ್ಮಾನವನ್ನು ಹೊತ್ತು ತಂದು ಡ್ರಿಪ್ ಮಾತ್ರ ನಿಲ್ಲಿಸಿದರೆ, ಪ್ರಯೋಗದ ಅರ್ಧವನ್ನು ಬಿಟ್ಟು ಫಲಿತಾಂಶವನ್ನು ಪೂರ್ತಿ ನಿರೀಕ್ಷಿಸಿದಂತೆ.

ಇದಕ್ಕಿಂತ ಗಟ್ಟಿಯಾದ ಪ್ರಯೋಗ 2013ರದು. ಹ್ಯೂಸ್ಟನ್ ನಗರದಲ್ಲಿ ಬ್ರುಯೆರಾ ಮತ್ತು ಸಂಗಡಿಗರು ನಿರ್ಜಲೀಕರಣವಿದ್ದ 129 ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1000 ಮಿಲಿಲೀಟರ್ ಸಲೈನ್, ಇನ್ನೊಂದಕ್ಕೆ ಹೆಸರಿಗಷ್ಟೇ 100 ಮಿಲಿಲೀಟರ್. ಯಾರಿಗೆ ಎಷ್ಟು ಎಂಬುದು ರೋಗಿಗೂ ಪರೀಕ್ಷಕರಿಗೂ ತಿಳಿಯದು. ನಾಲ್ಕನೆಯ ದಿನ ಆಯಾಸ, ಮಂಪರು, ಭ್ರಮೆ, ಸ್ನಾಯು ಸೆಳೆತಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬದುಕಿದ ದಿನಗಳಲ್ಲೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ವ್ಯತ್ಯಾಸವಿರಲಿಲ್ಲ. ಆದರೆ ಇದೇ ಪ್ರಯೋಗದ ರೋಗಿಗಳನ್ನೂ ಮನೆಯವರನ್ನೂ ಮಾತನಾಡಿಸಿದಾಗ ಆ ನೀರು ಅವರಿಗೆ ಭರವಸೆಯ, ನೆಮ್ಮದಿಯ ಗುರುತಾಗಿ ಕಂಡಿತ್ತು. ಮಗನ "ಬಾಟಲಿ ಹಾಕಿಲ್ಲವಲ್ಲ" ಎಂಬ ಮಾತು ಹ್ಯೂಸ್ಟನ್ನಿನಲ್ಲೂ ಇದೆ ಎಂದಾಯಿತು.

ಮೂರನೆಯದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 2003ರಲ್ಲಿ ಗ್ಯಾನ್ಜೀನಿ ಮತ್ತು ಸಂಗಡಿಗರು ಅಮೆರಿಕದ ಆರೆಗನ್ ರಾಜ್ಯದ ಉಪಶಾಮಕ ದಾದಿಯರನ್ನೇ ಪ್ರಶ್ನಿಸಿದರು. ಉತ್ತರಿಸಿದ 307 ದಾದಿಯರಲ್ಲಿ 102 ಮಂದಿ, ತಾವಾಗಿಯೇ ಅನ್ನ ನೀರು ನಿರಾಕರಿಸಿ ಸಾವನ್ನು ಬರಮಾಡಿಕೊಂಡ ಒಬ್ಬ ರೋಗಿಯನ್ನಾದರೂ ಹಿಂದಿನ ನಾಲ್ಕು ವರ್ಷಗಳಲ್ಲಿ ನೋಡಿಕೊಂಡಿದ್ದರು. ಅಂತಹವರಲ್ಲಿ ಶೇಕಡಾ 85 ಮಂದಿ ಹದಿನೈದು ದಿನಗಳೊಳಗೆ ತೀರಿಕೊಂಡರು. ಸಾವು ಎಷ್ಟು ಶಾಂತವಾಗಿತ್ತು ಎಂಬುದಕ್ಕೆ ಸೊನ್ನೆಯಿಂದ 9ರವರೆಗಿನ ಅಳತೆಯಲ್ಲಿ ದಾದಿಯರು ಕೊಟ್ಟ ಮಧ್ಯಮ ಅಂಕ 8. (ಇಲ್ಲಿ ಶ್ರವಣಬೆಳಗೊಳದ ಸಲ್ಲೇಖನ ನೆನಪಾಗುವುದು ಸಹಜ. ಅದು ವ್ರತ, ಅದರ ಪ್ರಶ್ನೆಗಳೇ ಬೇರೆ. ಆರೆಗನ್ನಿನ ರೋಗಿಗಳ ಜೊತೆ ಅದನ್ನು ಬೆರೆಸಬಾರದು.) ಈ ಅಧ್ಯಯನಕ್ಕೂ ಮಿತಿಗಳಿವೆ. ದಾದಿಯರು ಹೇಳಿದ್ದು ನೆನಪಿನಿಂದ. ಒಳ್ಳೆಯ ಸಾವು ನೆನಪಿನಲ್ಲಿ ಇನ್ನಷ್ಟು ಒಳ್ಳೆಯದಾಗಬಹುದು. ಆದರೂ ಒಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ ದಾದಿಯರ ನೋಟವನ್ನು ಅಂಕಿಗೆ ಇಳಿಸಿ, ಸಾಕ್ಷ್ಯವೆಂದು ಅಚ್ಚು ಹಾಕಿತು. ನಮ್ಮ ದೇಶದಲ್ಲಿ ಇಂತಹ ನೋಟಕ್ಕೆ ಏನಾಯಿತು ಎಂಬುದಕ್ಕೆ ನಮ್ಮದೇ ನಾಡಿನ ಹೆಣ್ಣುಮಗಳೊಬ್ಬಳ ಪ್ರಕರಣವನ್ನು ನೋಡಬೇಕು.

ಹಳದೀಪುರದ ಅರುಣಾ

ಅರುಣಾ ಶಾನಭಾಗ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿ ಉಂಟಾದ ಹಾನಿಯಿಂದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಆಸ್ಪತ್ರೆಯ ದಾದಿಯರ ತಲೆಮಾರುಗಳು ಅವರನ್ನು ನೋಡಿಕೊಂಡವು. ಅವರನ್ನು ಕಂಡೇ ಇರದಿದ್ದ, ಅವರು ಹಾಸಿಗೆ ಹಿಡಿದ ಮೇಲೆ ಹುಟ್ಟಿದ ದಾದಿಯರೂ ಆ ಸರದಿಯಲ್ಲಿದ್ದರು.

2009ರಲ್ಲಿ ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಕೋರಿಕೆ, ಅರುಣಾ ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕು ಎಂಬುದು. 2011ರ ಮಾರ್ಚ್ 7ರ ತೀರ್ಪು ಈ ಕೋರಿಕೆಯನ್ನು ತಳ್ಳಿಹಾಕಿತು. ಆದರೆ ಕಟ್ಟುನಿಟ್ಟಿನ ಷರತ್ತುಗಳೊಡನೆ ನಿಷ್ಕ್ರಿಯ ದಯಾಮರಣಕ್ಕೆ ಮೊದಲ ಬಾರಿಗೆ ದಾರಿ ತೆರೆಯಿತು. ಪತ್ರಿಕೆಗಳು ಇದನ್ನೇ ದೊಡ್ಡದಾಗಿ ಬರೆದವು. ತೀರ್ಪಿನ ಒಳಗೆ ಸೇರಿಕೊಂಡಿರುವ ವೈದ್ಯರ ವರದಿಯನ್ನು ಓದಿದವರು ಕಡಿಮೆ. ವಿಜ್ಞಾನದ ವಿದ್ಯಾರ್ಥಿಗಳು ಓದಬೇಕಾದದ್ದು ಅದನ್ನು.

2011ರ ಜನವರಿಯಲ್ಲಿ ನ್ಯಾಯಾಲಯ ನೇಮಿಸಿದ ಮೂವರು ವೈದ್ಯರು ಅರುಣಾ ಅವರನ್ನು ಪರೀಕ್ಷಿಸಿದರು. ಸುತ್ತಲಿನ ಅರಿವು ಇರುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಶಾಶ್ವತ ನಿಷ್ಪ್ರಜ್ಞ ಸ್ಥಿತಿಯ ಹೆಚ್ಚಿನ ಲಕ್ಷಣಗಳು ಹೊಂದುತ್ತವೆ ಎಂದರು. ಅದೇ ವರದಿಯಲ್ಲಿ ದಾದಿಯರು ಹೇಳಿದ್ದೂ ದಾಖಲಾಗಿದೆ. ಮೀನು, ಕೋಳಿ ಸೂಪಿನಂತಹ ಇಷ್ಟದ ತಿನಿಸು ಕೊಟ್ಟಾಗ ಆಕೆ ನಗುತ್ತಾರೆ; ಬೇಡವಾದದ್ದನ್ನು ಉಗುಳುತ್ತಾರೆ; ಬೇಕು ಬೇಡಗಳನ್ನು ದನಿಯಿಂದ, ಕೈ ಆಡಿಸುವುದರಿಂದ ತೋರಿಸುತ್ತಾರೆ. 2010ರ ಸೆಪ್ಟೆಂಬರ್ ಮಧ್ಯದವರೆಗೆ ಬಾಯಿಯಿಂದಲೇ ಉಣ್ಣುತ್ತಿದ್ದರು. ಆಮೇಲೆ ಜ್ವರ, ಬಹುಶಃ ಮಲೇರಿಯಾ ಬಂದು ಊಟ ತಗ್ಗಿದ್ದರಿಂದ ಮೂಗಿನ ನಳಿಕೆ ಹಾಕಲಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೇ ವರದಿಯಲ್ಲಿ ಎರಡು ಬಗೆಯ ವೀಕ್ಷಣೆಗಳಿವೆ. ಒಂದು, ನರರೋಗ ಪರೀಕ್ಷೆಯ ಕ್ರಮಬದ್ಧ ಆದರೆ ಅಲ್ಪಾವಧಿಯ ನೋಟ. ಇನ್ನೊಂದು, ದಶಕಗಳ ಕಾಲ ದಿನಕ್ಕೆ ಹಲವು ಬಾರಿ ತುತ್ತು ಕೊಟ್ಟವರ ನೋಟ. ಇವೆರಡು ಒಂದಕ್ಕೊಂದು ಹೊಂದುವುದಿಲ್ಲ. ಇಷ್ಟದ ತಿನಿಸಿಗೆ ನಗು, ಬೇಡದ್ದಕ್ಕೆ ಉಗುಳು ಎಂಬುದು ನಿಜವಾದರೆ ನಿಷ್ಪ್ರಜ್ಞ ಸ್ಥಿತಿ ಎಂಬ ಹೆಸರೇ ಅಲುಗಾಡುತ್ತದೆ. ಅದು ಬರೀ ಪ್ರತಿವರ್ತನ ಕ್ರಿಯೆಯಾಗಿದ್ದರೆ ದಾದಿಯರು ತಮ್ಮ ಆಸೆಯನ್ನು ಅರುಣಾ ಅವರ ಮುಖದಲ್ಲಿ ಓದಿದ್ದಾರೆ ಎಂದಾಗುತ್ತದೆ. ಇದು ಪರೀಕ್ಷಿಸಬಹುದಾದ ಪ್ರಶ್ನೆ. ಎರಡು ಬಗೆಯ ಗಂಜಿಯನ್ನು ಗೊತ್ತುಗುರಿಯಿಲ್ಲದ ಸರದಿಯಲ್ಲಿ ಕೊಟ್ಟು, ಯಾವುದು ಯಾವುದೆಂದು ತಿಳಿಯದ ಮತ್ತೊಬ್ಬರಿಂದ ಪ್ರತಿಕ್ರಿಯೆ ಬರೆಸಿದರೆ ಸಾಕಿತ್ತು.

ಆದರೆ ತೀರ್ಪು ದಾದಿಯರ ನೋಟವನ್ನು ಸಾಕ್ಷ್ಯದ ತಕ್ಕಡಿಗೆ ಹಾಕುವುದಕ್ಕಿಂತ ಪ್ರೀತಿಯ ತಟ್ಟೆಗೆ ಹಾಕಿತು. ಅಷ್ಟು ವರ್ಷ ಮಲಗಿದ್ದರೂ ಒಂದು ಹಾಸಿಗೆ ಹುಣ್ಣೂ ಆಗದಂತೆ ನೋಡಿಕೊಂಡದ್ದನ್ನು ಮನಸಾರೆ ಮೆಚ್ಚಿತು. ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ನಿಜವಾದ ಕುಟುಂಬ ಎಂದು ಗುರುತಿಸಿ, ಆಕೆಯ ಪರವಾಗಿ ಮಾತನಾಡುವ ಹಕ್ಕನ್ನು ಅವರಿಗೇ ಕೊಟ್ಟಿತು. ಮಾನವೀಯವಾಗಿ ಇದು ದೊಡ್ಡ ಮಾತು, ಇದನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ದಾದಿಯರು ನೆಂಟರಾದದ್ದರಿಂದ ಅವರು ಹೇಳಿದ್ದು ನೆಂಟರ ಮಾತಾಯಿತು. ಹಾಸಿಗೆ ಹುಣ್ಣಿಲ್ಲದಿರುವುದು ಪ್ರೀತಿಯಿಂದಷ್ಟೇ ಆಗುವ ಪವಾಡವಲ್ಲ. ನಿಯಮಿತವಾಗಿ ಮಗ್ಗುಲು ಬದಲಿಸುವುದು, ಚರ್ಮವನ್ನು ನೋಡುವುದು, ಒದ್ದೆಯಾಗದಂತೆ ಕಾಯುವುದು, ಪೌಷ್ಟಿಕತೆ, ಇವೆಲ್ಲ ಸೇರಿದ ವಿದ್ಯೆ ಅದು. ಅಂತಹ ಶಿಸ್ತಿನ ಕಣ್ಣು ತುತ್ತು ಕೊಡುವಾಗ ಕಂಡದ್ದನ್ನೂ ಅಷ್ಟೇ ಗಂಭೀರವಾಗಿ ಪ್ರಶ್ನಿಸಬೇಕಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಈ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಪ್ರಜ್ಞೆಯ ನಿರ್ಣಯದಲ್ಲಿ ತಪ್ಪುಗಳು ಹೆಚ್ಚು. 1996ರಲ್ಲಿ ಲಂಡನ್ನಿನ ಪುನಶ್ಚೇತನ ಆಸ್ಪತ್ರೆಯೊಂದರಲ್ಲಿ ಆಂಡ್ರೂಸ್ ಮತ್ತು ಸಂಗಡಿಗರು ನಿಷ್ಪ್ರಜ್ಞರೆಂದು ಕಳುಹಿಸಲಾಗಿದ್ದ 40 ಮಂದಿಯಲ್ಲಿ 17 ಮಂದಿಗೆ ಅರಿವಿರುವುದನ್ನು ಕಂಡರು. 2009ರಲ್ಲಿ ಷ್ನೇಕರ್ಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಇಂತಹ 44 ಮಂದಿಯಲ್ಲಿ 18 ಮಂದಿಗೆ ಕನಿಷ್ಠ ಪ್ರಜ್ಞೆಯ ಗುರುತುಗಳಿದ್ದವು. ಮುಖ್ಯವಾದ ಸಂಗತಿ ಎಂದರೆ, ಈ ಎರಡನೆಯ ಅಧ್ಯಯನದಲ್ಲಿ ತಪ್ಪಿದ್ದು ಚಿಕಿತ್ಸಾ ತಂಡದ ಒಮ್ಮತದ ಅಭಿಪ್ರಾಯ. ತಪ್ಪನ್ನು ಹಿಡಿದದ್ದು ಕೋಮಾ ಚೇತರಿಕೆಯ ಪರಿಷ್ಕೃತ ಮಾಪಕ ಎಂಬ ಕ್ರಮಬದ್ಧ ಪಟ್ಟಿ. ಅಂದರೆ ಬಹಳ ದಿನ ಬಳಿ ಇದ್ದ ಮಾತ್ರಕ್ಕೆ ಕಣ್ಣು ಸರಿಯಾಗಿ ಕಾಣುತ್ತದೆ ಎನ್ನುವಂತಿಲ್ಲ. ದಾದಿಯ ಕಣ್ಣಿಗೆ ಅಳತೆಗೋಲು ಬೇಕು, ಅಳತೆಗೋಲಿಗೆ ದಿನವೂ ನೋಡುವ ದಾದಿಯ ಕಣ್ಣು ಬೇಕು. ಅರುಣಾ ಪ್ರಕರಣದಲ್ಲಿ ಕಣ್ಣು ಇತ್ತು, ಅಳತೆಗೋಲನ್ನು ಯಾರೂ ಆಕೆಯ ಕೈಗೆ ಕೊಡಲಿಲ್ಲ.

ಇನ್ನೊಂದು ತಕರಾರು ತುತ್ತಿಗೂ ನಳಿಕೆಗೂ ಇರುವ ಗೆರೆಯದು. ಇಂಗ್ಲೆಂಡಿನ ಬ್ಲಾಂಡ್ ಪ್ರಕರಣದಲ್ಲಿ 1993ರಲ್ಲೇ ಅಲ್ಲಿನ ಅತ್ಯುನ್ನತ ನ್ಯಾಯಪೀಠ ನಳಿಕೆಯ ಆಹಾರ ಒಂದು ವೈದ್ಯಕೀಯ ಚಿಕಿತ್ಸೆ, ಪ್ರಯೋಜನವಿಲ್ಲವೆಂದಾದರೆ ನಿಲ್ಲಿಸಬಹುದು ಎಂದಿತ್ತು. ಬಾಯಿಗೆ ಇಡುವ ತುತ್ತು ಚಿಕಿತ್ಸೆಯಲ್ಲ, ಮೂಲಭೂತ ಆರೈಕೆ. 2009ರಲ್ಲಿ ಅರ್ಜಿ ಸಲ್ಲಿಕೆಯಾದಾಗ ಅರುಣಾ ಬಾಯಿಯಿಂದಲೇ ಉಣ್ಣುತ್ತಿದ್ದರು. ತೀರ್ಪು ಬರುವ ಹೊತ್ತಿಗೆ ನಳಿಕೆ ಬಂದಿತ್ತು. ಒಂದೇ ಕೋರಿಕೆಯ ಅರ್ಥ ಆ ಆರು ತಿಂಗಳಲ್ಲಿ ಬದಲಾಗಿಹೋಗಿತ್ತು. ತೀರ್ಪಿನಲ್ಲಿ ಈ ಬದಲಾವಣೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲವೆಂದೇ ನನ್ನ ಅಭಿಪ್ರಾಯ. ಜ್ವರ ಇಳಿದ ಮೇಲೆ ಬಾಯಿಯ ಊಟಕ್ಕೆ ಮರಳಿಸಬಹುದಿತ್ತೇ ಎಂಬುದು ನುಂಗುವಿಕೆಯನ್ನು ಅರಿತ ದಾದಿಯನ್ನು ಕೇಳಬೇಕಾದ ಪ್ರಶ್ನೆ.

ಅರುಣಾ ಮರಣಾಸನ್ನರಾಗಿರಲಿಲ್ಲ ಎಂಬುದನ್ನು ಓದುಗರು ಮರೆಯಬಾರದು. ಅವರಿಗೆ ಕೊಟ್ಟ ಆಹಾರ ಅವರನ್ನು ನಿಜಕ್ಕೂ ಬದುಕಿಸಿತ್ತು. ಕ್ಯಾನ್ಸರಿನ ಕೊನೆಯ ವಾರದಲ್ಲಿರುವವರಿಗೆ ಕೊಡುವ ಬಾಟಲಿ ಬದುಕಿಸುವುದಿಲ್ಲ. ಮರೆವಿನ ಕಾಯಿಲೆಯ ಅಂತಿಮ ಹಂತದವರು ಇವೆರಡರ ನಡುವೆ ಬರುತ್ತಾರೆ. ನಳಿಕೆ ಅವರ ಆಯುಷ್ಯವನ್ನು ಹೆಚ್ಚಿಸುತ್ತದೆ, ಆಹಾರ ಶ್ವಾಸಕೋಶಕ್ಕೆ ಇಳಿಯುವುದನ್ನು ತಪ್ಪಿಸುತ್ತದೆ ಎನ್ನಲು ಆಧಾರವಿಲ್ಲವೆಂದು ಫಿನುಕೇನ್ ಮತ್ತು ಸಂಗಡಿಗರು 1999ರಲ್ಲೇ ತೋರಿಸಿದ್ದರು. ಅಮೆರಿಕದ ವೃದ್ಧವೈದ್ಯ ಸಂಘ ಈಗ ಶಿಫಾರಸು ಮಾಡುವುದು ಎಚ್ಚರಿಕೆಯಿಂದ ಕೈಯಾರೆ ಉಣಿಸುವುದನ್ನು. ಈ ಮೂರು ಬಗೆಯವರನ್ನೂ "ಅನ್ನ ನಿಲ್ಲಿಸುವುದು" ಎಂಬ ಒಂದೇ ಮಾತಿನಡಿ ತಂದದ್ದರಿಂದ ನಮ್ಮ ಚರ್ಚೆ ಗೋಜಲಾಗಿದೆ.

ಒಂದು ಎಚ್ಚರಿಕೆಯ ಕಥೆ

ದಾದಿಗೆ ಕಾಗದದ ಮೇಲೆ ಪಾತ್ರ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆಯೇ? ಬ್ರಿಟನ್ನಿನ ಅನುಭವ ಹಾಗೆ ಹೇಳುವುದಿಲ್ಲ. ಲಿವರ್‌ಪೂಲ್ ಆರೈಕೆ ಮಾರ್ಗ ಎಂಬ ಹೆಸರಿನ ಕ್ರಮಪಟ್ಟಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಉಪಶಾಮಕ ಕೇಂದ್ರಗಳ ಒಳ್ಳೆಯ ಆರೈಕೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೂ ತರುವುದು ಅದರ ಉದ್ದೇಶ. ತರಬೇತಿ ಇದ್ದಲ್ಲಿ ಚೆನ್ನಾಗಿಯೇ ನಡೆಯಿತು. ಇಲ್ಲದಲ್ಲಿ ಚೌಕಗಳಿಗೆ ಗುರುತು ಹಾಕುವ ಕೆಲಸವಾಯಿತು. ಕುಡಿಯಬಲ್ಲ ರೋಗಿಗೂ ನೀರು ಸಿಗಲಿಲ್ಲ, ನೀರು ಕೊಡಲು ಹೋದ ನಮ್ಮನ್ನು ಸಿಬ್ಬಂದಿ ತಡೆದರು ಎಂದು ಮನೆಯವರು ದೂರಿದರು. 2013ರ ಜುಲೈಯಲ್ಲಿ ಜೂಲಿಯಾ ನ್ಯೂಬರ್ಗರ್ ಅಧ್ಯಕ್ಷತೆಯ ಸಮಿತಿ ಇದನ್ನು ಹಿಂತೆಗೆಯಲು ಸೂಚಿಸಿತು, ಮರುವರ್ಷ ಅದು ಕೊನೆಗೊಂಡಿತು.

ಇದರಿಂದ ಕಲಿತು 2015ರ ಡಿಸೆಂಬರಿನಲ್ಲಿ ಅಲ್ಲಿನ ನೈಸ್ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ನನಗೆ ಹೆಚ್ಚು ವೈಜ್ಞಾನಿಕವಾಗಿ ಕಾಣುತ್ತದೆ. ಬಯಸುವವರಿಗೆ, ನುಂಗಬಲ್ಲವರಿಗೆ ಬಾಯಿಯಿಂದ ಕುಡಿಯಲು ನೆರವಾಗಬೇಕು. ಬಾಯಿಯ ಆರೈಕೆ ತಪ್ಪಬಾರದು. ನೀರಿನ ಸ್ಥಿತಿಯನ್ನು ದಿನವೂ ಅಂದಾಜು ಮಾಡಬೇಕು. ನಿರ್ಜಲೀಕರಣದಿಂದ ಸಂಕಟವಿದೆ ಎನಿಸಿದರೆ ಕೃತಕ ಪೂರೈಕೆಯನ್ನು ಪ್ರಯೋಗವಾಗಿ ಆರಂಭಿಸಿ, ಕನಿಷ್ಠ 12 ಗಂಟೆಗೊಮ್ಮೆ ಪ್ರಯೋಜನ ಅಥವಾ ಹಾನಿಯ ಗುರುತುಗಳನ್ನು ನೋಡಿ ಮುಂದಿನದನ್ನು ನಿರ್ಧರಿಸಬೇಕು. ಡ್ರಿಪ್ ಹಾಕುವುದೇ ಸರಿ ಅಥವಾ ಹಾಕದಿರುವುದೇ ಸರಿ ಎಂಬ ಹಟ ಇಲ್ಲಿಲ್ಲ. ಒಂದು ಊಹೆ, ಒಂದು ಪ್ರಯೋಗ, ಒಂದು ವೀಕ್ಷಣೆ. ಆ 12 ಗಂಟೆಗೊಮ್ಮೆ ನೋಡುವವರಲ್ಲಿ ದಾದಿಯೇ ಮುಖ್ಯ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮಂಡಳಿಗಳಲ್ಲಿ ಯಾರಿದ್ದಾರೆ?

2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಸಾರಿತು. ಅರುಣಾ ತೀರ್ಪಿನ ತರ್ಕದಲ್ಲಿದ್ದ ದೋಷಗಳನ್ನೂ ತೋರಿಸಿತು. ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕೆಂದಿತು. ಷರತ್ತುಗಳು ಆಚರಣೆಗೆ ತೀರ ಕಷ್ಟವಾದದ್ದರಿಂದ 2023ರ ಜನವರಿ 24ರಂದು ಅವನ್ನು ಸಡಿಲಿಸಲಾಯಿತು. ಮಂಡಳಿಯ ತಜ್ಞರಿಗೆ 20 ವರ್ಷದ ಬದಲು 5 ವರ್ಷದ ಅನುಭವ ಸಾಕು. ತೀರ್ಮಾನ ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಆಗಬೇಕು. ಪ್ರಾಥಮಿಕ ಮಂಡಳಿಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಇಬ್ಬರು ತಜ್ಞರು. ದ್ವಿತೀಯ ಮಂಡಳಿಯಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಇಬ್ಬರು ತಜ್ಞರು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ಇದನ್ನೇ ಜಾರಿಗೆ ತರುವಂತಹದು.

ಎಣಿಸಿ ನೋಡಿ: ಆರು ಮಂದಿ, ಆರೂ ವೈದ್ಯರು. ಕೃತಕ ಉಸಿರಾಟದ ಯಂತ್ರದ ವಿಷಯದಲ್ಲಿ ಇದು ಸಾಕೆಂದು ವಾದಿಸಬಹುದು. ಆಹಾರ-ನೀರಿನ ವಿಷಯದಲ್ಲಿ ಸಾಲದು. ರೋಗಿ ನಿನ್ನೆ ಎಷ್ಟು ಚಮಚ ನುಂಗಿದರು, ನುಂಗುವಾಗ ಕೆಮ್ಮಿದರೇ, ನಳಿಕೆಯನ್ನು ಎಷ್ಟು ಬಾರಿ ಕಿತ್ತುಹಾಕಿದರು, ಕೀಳದಿರಲೆಂದು ಕೈ ಕಟ್ಟಲಾಗಿದೆಯೇ, ಬಾಯಿ ಒದ್ದೆ ಮಾಡಿದಾಗ ಹಣೆಯ ಗಂಟು ಸಡಿಲಿತೇ ಎಂಬುದು ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ. ಸಲೈನ್ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು ಎಂಬ ಪಟ್ಟಿ ಎಲ್ಲ ವಾರ್ಡಿನಲ್ಲೂ ಇದೆ. ಬಾಯಿ ಹೇಗಿದೆ ಎಂಬ ಅಂಕಣ ಎಷ್ಟು ಕಡೆ ಇದೆ?

ಮಂಡಳಿಯಲ್ಲಿ ದಾದಿಗೆ ಒಂದು ಕುರ್ಚಿ ಹಾಕಿಬಿಟ್ಟರೆ ಇದು ಮುಗಿಯುವುದಿಲ್ಲ. ನಮ್ಮ ಆಸ್ಪತ್ರೆಗಳ ಮೇಲುಕೀಳಿನಲ್ಲಿ ತಜ್ಞರ ಎದುರು ಆಕೆ ಬಾಯಿ ತೆರೆಯುವುದು ಸುಲಭವಲ್ಲ. ಕುರ್ಚಿ ಶೋಭೆಗೆ ಉಳಿದೀತು. ಕುರ್ಚಿಗಿಂತ ಮೊದಲು ಬೇಕಾದದ್ದು ದಾಖಲೆ. ಮಂಡಳಿಯ ಮುಂದೆ ಹೋಗುವ ಕಡತದಲ್ಲಿ ಹಿಂದಿನ ಮೂರು ದಿನಗಳ ಬಾಯಿ, ನುಂಗುವಿಕೆ, ಊತ, ಉಸಿರು, ಮುಖಭಾವಗಳ ದಾದಿಯ ವರದಿ ಕಡ್ಡಾಯವಾಗಿರಲಿ, ಆಕೆಯ ಸಹಿಯೊಡನೆ. ರಾತ್ರಿಪಾಳಿಯಲ್ಲಿ ಹತ್ತಾರು ಹಾಸಿಗೆಗೆ ಒಬ್ಬಳೇ ಇರುವ ದಾದಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂದು ಬಾಟಲಿ ತೂಗುಹಾಕಲು ಐದು ನಿಮಿಷ ಸಾಕು, ಒಬ್ಬರಿಗೆ ಅರ್ಧ ಬಟ್ಟಲು ಗಂಜಿ ಕುಡಿಸಲು ಅರ್ಧ ಗಂಟೆ ಬೇಕು. ಬಾಟಲಿ ಗೆಲ್ಲುವುದಕ್ಕೆ ಇದೂ ಒಂದು ಕಾರಣ. ಆದರೆ ಮಂಚದ ಬಳಿ ಸುಮ್ಮನೆ ಕುಳಿತಿರುವ ಮಗನೂ ಸೊಸೆಯೂ ಇದ್ದಾರೆ. ಬೆಂಗಳೂರಿನ ಕರುಣಾಶ್ರಯದಂತಹ ಉಪಶಾಮಕ ಕೇಂದ್ರಗಳಲ್ಲಿ, ಕೇರಳದ ಮನೆಮನೆಯ ಆರೈಕೆಯಲ್ಲಿ ದಾದಿಯರು ಮನೆಯವರಿಗೆ ಇದನ್ನೆಲ್ಲ ಕಲಿಸುತ್ತಾರೆ: ತಲೆಯನ್ನು ಎಷ್ಟು ಎತ್ತರಿಸಬೇಕು, ಎಷ್ಟು ತೊಟ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು.

ಸಾಯುವವರ ಬಾಯಿಗೆ ತುಳಸಿ ನೀರು ಬಿಡುವುದು ನಮ್ಮ ಅನೇಕ ಮನೆಗಳಲ್ಲಿ ಮೊದಲಿನಿಂದ ಇರುವ ಪದ್ಧತಿ. ಅದನ್ನು ಕೊನೆಯ ಗಳಿಗೆಗೆಂದು ಕಾಯ್ದಿರಿಸದೆ, ಕೊನೆಯ ವಾರದುದ್ದಕ್ಕೂ ಗಂಟೆಗೊಮ್ಮೆ, ತೊಟ್ಟುತೊಟ್ಟಾಗಿ, ಕೆಮ್ಮು ಬಾರದಂತೆ ಮಾಡಬಹುದೆಂದು ಆ ಮಗನಿಗೆ ತೋರಿಸಿಕೊಡಲು ದಾದಿಗೆ ವೈದ್ಯರ ಚೀಟಿ ಬೇಕಿಲ್ಲ. "ಬಾಟಲಿ ಯಾಕೆ ಹಾಕಿಲ್ಲ" ಎಂದವನ ಕೈಗೆ ಒಂದು ಚಮಚ, ಒಂದು ಶುಭ್ರವಾದ ಒದ್ದೆ ಬಟ್ಟೆ ಕೊಟ್ಟು, ಅವನು ಮಾಡಿದ್ದನ್ನೂ ರೋಗಿಯ ಮುಖದಲ್ಲಿ ಕಂಡದ್ದನ್ನೂ ಅಂದಿನ ಹಾಳೆಯಲ್ಲಿ ವೇಳೆ ಹಾಕಿ ಬರೆದರೆ, ಮಂಡಳಿಯ ಕಡತಕ್ಕೆ ಬೇಕಾದ ಮೊದಲ ಪುಟ ಅಲ್ಲಿಯೇ ಸಿದ್ಧವಾಗುತ್ತದೆ.